ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದಾಗ: ರೋಗಿಯ ಜೊತೆಗಿರುವವರು ವಾರ್ಡಿಗೆ ಹೇಳಬೇಕಾದದ್ದು, ಕಣ್ಣಿಟ್ಟು ನೋಡಬೇಕಾದದ್ದು

ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದು ವೈದ್ಯರು ತಿಳಿಸಿದ ದಿನ ರೋಗಿಯ ಮನೆಯವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಆಪರೇಷನ್ ಬೇಕಾಗುತ್ತದೆಯೇ, ಎಷ್ಟು ದಿನ ಇಲ್ಲಿರಬೇಕು. ಕೋಲಾರ ಜಿಲ್ಲೆಯ ವಾರ್ಡುಗಳಲ್ಲಿ ಶುಶ್ರೂಷಕಿಯಾಗಿ ಹಲವು ವರ್ಷ ಕಳೆದಿರುವ ನನಗೆ, ಇವೆರಡಕ್ಕಿಂತ ಮುಖ್ಯವಾದ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲವಲ್ಲ ಎಂಬ ಕೊರಗು ಇದೆ. ನಮ್ಮ ರೋಗಿಗೆ ಮುಂದೆ ಯಾವ ತೊಂದರೆ ಬರುವ ಸಂಭವ ಹೆಚ್ಚು ಎಂಬುದೇ ಆ ಪ್ರಶ್ನೆ. ಒಂದೇ ಕಾಯಿಲೆಗೆ ರಕ್ತ ತೆಳುವಾಗಿಸುವ ಒಂದೇ ಇಂಜೆಕ್ಷನ್ ಪಡೆಯುತ್ತಿರುವ ಅಕ್ಕಪಕ್ಕದ ಹಾಸಿಗೆಯವರಲ್ಲಿ ಒಬ್ಬರಿಗೆ ಹೆಪ್ಪು ಶ್ವಾಸಕೋಶಕ್ಕೆ ಹೋಗುವ ಭಯವಿದ್ದರೆ, ಇನ್ನೊಬ್ಬರಿಗೆ ಆ ಇಂಜೆಕ್ಷನ್ನಿನಿಂದಲೇ ರಕ್ತಸ್ರಾವವಾಗುವ ಭಯವಿರುತ್ತದೆ. ಯಾರಿಗೆ ಯಾವುದು ಎಂಬುದನ್ನು ಬಹುಮಟ್ಟಿಗೆ ಮುಂಚಿತವಾಗಿಯೇ ಅಂದಾಜು ಮಾಡಬಹುದು. ಆದರೆ ಆ ಅಂದಾಜಿಗೆ ಬೇಕಾದ ಎಷ್ಟೋ ಸಂಗತಿಗಳು ಕೇಸ್ ಶೀಟಿನಲ್ಲಿ ಇರುವುದಿಲ್ಲ; ಮನೆಯವರಿಗೆ ಮಾತ್ರ ಗೊತ್ತಿರುತ್ತವೆ, ಮತ್ತು ಅವರು ಅದನ್ನು ಹೇಳಬೇಕಾದ ಸಂಗತಿ ಎಂದೇ ಎಣಿಸಿರುವುದಿಲ್ಲ.

ಔಷಧ ಯಾವುದು, ಪ್ರಮಾಣ ಎಷ್ಟು ಎಂಬುದು ವೈದ್ಯರ ತೀರ್ಮಾನ. ಅವರಿಗೆ ಏನನ್ನು ತಿಳಿಸಬೇಕು, ಹಾಸಿಗೆಯ ಪಕ್ಕದಲ್ಲಿ ಕುಳಿತು ಏನನ್ನು ಗಮನಿಸಬೇಕು ಎಂಬಷ್ಟನ್ನೇ ಇಲ್ಲಿ ಬರೆಯುತ್ತೇನೆ.

‘ನರ ಹಿಡಿದಿದೆ’ ಎಂಬ ಮಾತಿನಿಂದ ಆಗುವ ಅನಾಹುತ

ವೈದ್ಯರು ಡಿವಿಟಿ ಎಂದು ಕರೆಯುವ ಈ ಕಾಯಿಲೆಯಲ್ಲಿ, ಕಾಲಿನಿಂದ ಹೃದಯದ ಕಡೆಗೆ ರಕ್ತವನ್ನು ಒಯ್ಯುವ, ಮಾಂಸಖಂಡಗಳ ನಡುವೆ ಆಳದಲ್ಲಿರುವ ರಕ್ತನಾಳದೊಳಗೆ ರಕ್ತ ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಕಡೆಯ ಮಾತಿನಲ್ಲಿ ರಕ್ತನಾಳಕ್ಕೂ ನರ ಎಂದೇ ಹೆಸರು. ಹೀಗಾಗಿ ಮೀನಖಂಡ ಬಿಗಿದು ನೋಯತೊಡಗಿದಾಗ ‘ನರ ಹಿಡಿದಿದೆ’ ಎಂದೋ ‘ವಾಯು ತುಂಬಿದೆ’ ಎಂದೋ ತೀರ್ಮಾನಿಸಿ, ಹರಳೆಣ್ಣೆ ಬಿಸಿ ಮಾಡಿ ಕೆಳಗಿನಿಂದ ಮೇಲಕ್ಕೆ ಒತ್ತಿ ನೀವುವುದು ಮನೆಮನೆಯ ಪದ್ಧತಿ. ಉಳುಕಿಗೆ ಹಿತವಾಗುವ ಈ ಉಪಚಾರ ಇಲ್ಲಿ ಅಪಾಯಕಾರಿ. ಹೊಸದಾಗಿ ಕಟ್ಟಿದ ಹೆಪ್ಪು ನಾಳದ ಗೋಡೆಗೆ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಒತ್ತಿದಾಗ ಅದರ ತುಣುಕು ಕಿತ್ತು, ತೊಡೆ ಮತ್ತು ಹೊಟ್ಟೆಯ ದೊಡ್ಡ ನಾಳಗಳ ಮೂಲಕ ಹೃದಯದ ಬಲಭಾಗವನ್ನು ದಾಟಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳಬಹುದು. ಒಂದೇ ಕಾಲು ಊದಿಕೊಂಡು ನೋಯುತ್ತಿದ್ದರೆ, ಅದಕ್ಕೆ ಕಾರಣ ಗೊತ್ತಾಗುವವರೆಗೆ ಆ ಕಾಲನ್ನು ಯಾರೂ ತೀಡಬಾರದು. ಆಸ್ಪತ್ರೆಗೆ ಬರುವ ಮೊದಲೇ ನೀವಿಸಿದ್ದರೆ, ಬೈಗುಳಕ್ಕೆ ಹೆದರಿ ಅದನ್ನು ಮುಚ್ಚಿಡದೆ ಹೇಳಿಬಿಡಬೇಕು.

ಹೆಪ್ಪು ಎಲ್ಲಿದೆ ಎಂಬುದನ್ನು, ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಡಾಪ್ಲರ್ ಸ್ಕ್ಯಾನಿನ ವರದಿ ಹೇಳುತ್ತದೆ, ಮತ್ತು ಆ ವರದಿಯಲ್ಲಿ ಮನೆಯವರು ತಿಳಿದುಕೊಳ್ಳಬೇಕಾದ ಮೊದಲ ಸಂಗತಿ ಅದೇ. ಮಂಡಿಯಿಂದ ಕೆಳಗೆ, ಮೀನಖಂಡದಲ್ಲಷ್ಟೇ ಇದ್ದರೆ ಶ್ವಾಸಕೋಶಕ್ಕೆ ಹೋಗುವ ಅಪಾಯ ಕಡಿಮೆ. ಅಂಥ ಕೆಲವರಿಗೆ ಔಷಧ ಕೊಡದೆ ಒಂದು ವಾರ, ಎರಡು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ಮೇಲಕ್ಕೆ ಬೆಳೆದಿದೆಯೇ ಎಂದು ನೋಡುವುದೂ ಉಂಟು. ಮಂಡಿಯ ಹಿಂಭಾಗ, ತೊಡೆ ಅಥವಾ ಹೊಟ್ಟೆಯ ಕೆಳಭಾಗದವರೆಗೆ ಹರಡಿದ್ದರೆ ಅಪಾಯ ಬಹಳ ಹೆಚ್ಚು. ಎಡಗಾಲಿನಲ್ಲೇ ಇದು ಹೆಚ್ಚಾಗಿ ಕಾಣಿಸಿಕೊಳ್ಳಲು ಒಂದು ಸರಳ ಕಾರಣವಿದೆ: ಎಡಗಾಲಿನಿಂದ ಬರುವ ದೊಡ್ಡ ಅಭಿಧಮನಿಯ ಮೇಲೆ ಹೃದಯದ ಕಡೆಯಿಂದ ಬಲಗಾಲಿಗೆ ರಕ್ತ ಒಯ್ಯುವ ಅಪಧಮನಿ ಅಡ್ಡಲಾಗಿ ಹಾದುಹೋಗಿ ಅದನ್ನು ಬೆನ್ನುಮೂಳೆಗೆ ಒತ್ತುತ್ತದೆ. ಗರ್ಭಿಣಿಯರಲ್ಲಿ ಈ ಒತ್ತಡ ಇನ್ನೂ ಹೆಚ್ಚು.

ವೈದ್ಯರು ರೌಂಡ್ಸಿಗೆ ಬರುವ ಮುನ್ನ ಬರೆದಿಡಬೇಕಾದ ಚೀಟಿ

ರಕ್ತ ನಾಳದೊಳಗೆ ಏಕೆ ಹೆಪ್ಪುಗಟ್ಟುತ್ತದೆ ಎಂಬುದಕ್ಕೆ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೋ ಅವರ ಹೆಸರಿನಲ್ಲಿ ಇಂದಿಗೂ ಕಲಿಸುವ ಮೂರು ಕಾರಣಗಳಿವೆ: ರಕ್ತದ ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತವೇ ಬೇಗ ಹೆಪ್ಪುಗಟ್ಟುವ ಗುಣ ಪಡೆಯುವುದು. ಅವರು ಹುಟ್ಟಿದ ಅಕ್ಟೋಬರ್ 13ನ್ನೇ ವಿಶ್ವ ಥ್ರಂಬೋಸಿಸ್ ದಿನವೆಂದು ಆಚರಿಸುತ್ತಾರೆ. ಚೀಟಿ ಬರೆಯುವಾಗ ಈ ಮೂರನ್ನು ನೆನಪಿಟ್ಟುಕೊಂಡರೆ ಏನನ್ನೂ ಮರೆಯುವುದಿಲ್ಲ.

ಹರಿವು ನಿಧಾನವಾಗುವುದಕ್ಕೆ ಸಂಬಂಧಿಸಿದಂತೆ, ರೋಗಿ ಎಷ್ಟು ದಿನಗಳಿಂದ ಮಲಗಿದ್ದಾರೆ ಎಂಬುದನ್ನು ಲೆಕ್ಕ ಹಾಕಿ ಬರೆಯಿರಿ. ಆಸ್ಪತ್ರೆಗೆ ಸೇರಿದ ದಿನದಿಂದಲ್ಲ, ಮನೆಯಲ್ಲಿ ಓಡಾಟ ನಿಲ್ಲಿಸಿದ ದಿನದಿಂದ. ಮೂರು ದಿನ ಹಾಸಿಗೆಯಲ್ಲೇ ಇದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಲಕ್ವ ಹೊಡೆದು ಕಾಲಿನ ಶಕ್ತಿ ಹೋಗಿದೆಯೇ, ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆಯೇ, ಮೂಳೆ ಮುರಿದಾಗ ಆಸ್ಪತ್ರೆಗೆ ಬರದೆ ನಾಟಿ ವೈದ್ಯರ ಪುತ್ತೂರು ಕಟ್ಟು ಹಾಕಿಸಿ ವಾರಗಟ್ಟಲೆ ಕಾಲು ಅಲುಗಿಸದೆ ಮಲಗಿದ್ದರೇ ಎಂಬುದನ್ನೂ ಬರೆಯಬೇಕು. ಈ ಕೊನೆಯದನ್ನು ಹೇಳಲು ನಮ್ಮ ಜಿಲ್ಲೆಯವರು ಏಕೋ ಬಹಳ ಸಂಕೋಚಪಡುತ್ತಾರೆ. ನಾಳಕ್ಕೆ ಪೆಟ್ಟಾಗುವುದಕ್ಕೆ ಸಂಬಂಧಿಸಿದಂತೆ ಕಳೆದ ಮೂರು ತಿಂಗಳಲ್ಲಿ ಆದ ಆಪರೇಷನ್, ಅದರಲ್ಲೂ ಸೊಂಟ ಮತ್ತು ಮಂಡಿಯ ಆಪರೇಷನ್, ಅಪಘಾತ, ತೊಡೆಸಂದಿನಲ್ಲೋ ಕುತ್ತಿಗೆಯಲ್ಲೋ ಹಾಕಿದ್ದ ದೊಡ್ಡ ಸೂಜಿಕೊಳವೆ, ಇವುಗಳನ್ನು ತಾರೀಖಿನ ಸಮೇತ ನಮೂದಿಸಬೇಕು.

ಮೂರನೆಯದರಲ್ಲಿಯೇ ಹೇಳದೆ ಉಳಿಯುವ ಮಾತುಗಳು ಹೆಚ್ಚು. ಕ್ಯಾನ್ಸರ್ ಇರುವವರಲ್ಲಿ ಹೆಪ್ಪುಗಟ್ಟುವ, ಒಮ್ಮೆ ಕಟ್ಟಿದ್ದು ಮರುಕಳಿಸುವ, ಔಷಧದಿಂದ ರಕ್ತಸ್ರಾವವಾಗುವ ಮೂರೂ ಅಪಾಯಗಳು ಒಟ್ಟಿಗೇ ಹೆಚ್ಚುತ್ತವೆ. ಆದರೆ ಕ್ಯಾನ್ಸರ್ ಎಂಬುದನ್ನು ರೋಗಿಯಿಂದಲೇ ಮುಚ್ಚಿಟ್ಟಿರುವ ಮನೆಯವರು ಹಾಸಿಗೆಯ ಬಳಿ ಆ ಮಾತನ್ನು ಆಡುವುದಿಲ್ಲ. ಅಂಥವರು ಹೊರಗೆ ಕಾರಿಡಾರಿನಲ್ಲಿ ವೈದ್ಯರನ್ನು ನಿಲ್ಲಿಸಿ ಹೇಳಲಿ, ತೊಂದರೆಯಿಲ್ಲ. ಹಿಂದೆ ಒಮ್ಮೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ಹೆಪ್ಪುಗಟ್ಟಿತ್ತೇ, ಒಡಹುಟ್ಟಿದವರಿಗೆ ಅಥವಾ ತಂದೆತಾಯಿಗೆ ಹೀಗಾಗಿತ್ತೇ, ಮಹಿಳೆಯರಾದರೆ ಗರ್ಭನಿರೋಧಕ ಮಾತ್ರೆಯನ್ನೋ, ಮುಟ್ಟನ್ನು ಮುಂದಕ್ಕೆ ಹಾಕುವ ಇಲ್ಲವೇ ಅತಿಸ್ರಾವ ನಿಲ್ಲಿಸುವ ಹಾರ್ಮೋನ್ ಮಾತ್ರೆಯನ್ನೋ ಇತ್ತೀಚೆಗೆ ನುಂಗಿದ್ದಾರೆಯೇ, ಪದೇಪದೇ ಗರ್ಭಪಾತವಾಗಿದೆಯೇ ಎಂಬ ಸಂಗತಿಗಳು ಚಿಕಿತ್ಸೆಯ ದಿಕ್ಕನ್ನೇ ಬದಲಿಸಬಲ್ಲವು. ಗರ್ಭಪಾತಕ್ಕೂ ಕಾಲಿನ ಊತಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ರಕ್ತದಲ್ಲಿರುವ ಕೆಲವು ಪ್ರತಿಕಾಯಗಳು ಎರಡಕ್ಕೂ ಕಾರಣವಾಗಬಲ್ಲವು, ಮತ್ತು ಅವು ಇದ್ದವರಿಗೆ ರಕ್ತ ತೆಳುವಾಗಿಸಲು ಈಗ ಪ್ರಚಲಿತವಾಗಿರುವ ಹೊಸ ಮಾತ್ರೆಗಳಿಗಿಂತ ಹಳೆಯ ವಾರ್ಫರಿನ್ ಮಾತ್ರೆಯೇ ಮೇಲೆಂದು ವೈದ್ಯರು ಆಯ್ಕೆ ಮಾಡಬೇಕಾಗಬಹುದು. ಅತ್ತೆಯ ಎದುರು ಸೊಸೆ ಇದನ್ನು ಹೇಳಲಾರಳು. ಆದ್ದರಿಂದ ಕೇಳುವ ನಾವೂ ಜಾಗ ನೋಡಿ ಕೇಳಬೇಕು.

ಸೆರಗಿನ ಗಂಟು

ರಕ್ತಸ್ರಾವದ ಅಪಾಯಕ್ಕೆ ಬರುವ ಮೊದಲು ಒಂದು ಪ್ರಸಂಗವನ್ನು ಹೇಳಬೇಕು. ಮುಳಬಾಗಿಲು ಕಡೆಯ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು, ಸೊಂಟದ ಮೂಳೆಯ ಆಪರೇಷನ್ ಆದ ಮೇಲೆ ತೊಡೆಯವರೆಗೆ ಊದಿಕೊಂಡ ಕಾಲಿನೊಂದಿಗೆ ನಾನಿದ್ದ ವಾರ್ಡಿಗೆ ಬಂದಿದ್ದರು. ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ, ‘ಬಿಪಿ ಶುಗರ್ ಏನೂ ಇಲ್ಲ ಕಣಮ್ಮ’ ಎಂದಿದ್ದರು, ಮಗನೂ ತಲೆಯಾಡಿಸಿದ್ದ. ನಾನು ಹಾಗೆಯೇ ಬರೆದುಕೊಂಡೆ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಶುರುವಾದ ನಾಲ್ಕನೆಯ ದಿನ ಬೆಳಿಗ್ಗೆ ಅವರ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ ಹೋಯಿತು. ಬಟ್ಟೆ ಬದಲಿಸುವಾಗ ಸೆರಗಿನ ತುದಿಯ ಗಂಟು ಗಟ್ಟಿಯಾಗಿ ಕೈಗೆ ಸಿಕ್ಕಿತು. ಬಿಚ್ಚಿದರೆ ಹತ್ತು ರೂಪಾಯಿಯ ನೋಟಿನಲ್ಲಿ ಸುತ್ತಿದ, ಕತ್ತರಿಯಿಂದ ತುಂಡು ಮಾಡಿದ ಮಾತ್ರೆಯ ಚೂರುಪಟ್ಟಿ, ಅದರಲ್ಲಿ ಉಳಿದಿದ್ದ ಎರಡು ನೋವಿನ ಮಾತ್ರೆ. ಮಂಡಿನೋವಿಗೆಂದು ಎಷ್ಟೋ ವರ್ಷಗಳಿಂದ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಪಡೆಯುತ್ತಿದ್ದ ಮಾತ್ರೆ ಅದು. ವಾರ್ಡಿನಲ್ಲೂ ರಾತ್ರಿ ಒಂದೊಂದು ನುಂಗುತ್ತಿದ್ದರು. ಸುಳ್ಳು ಹೇಳಿರಲಿಲ್ಲ ಅವರು. ಅವರ ಲೆಕ್ಕದಲ್ಲಿ ಬಿಪಿ, ಶುಗರಿನದು ಮಾತ್ರವೇ ಮಾತ್ರೆ. ಆಮೇಲೆ ತೆಲುಗಿನಲ್ಲಿ ಮಾತಾಡಿಸಿದಾಗ ಎಲ್ಲವನ್ನೂ ಹೇಳಿದರು. ಗಡಿಭಾಗದ ರೋಗಿಗಳನ್ನು ಅವರ ಮನೆಮಾತಿನಲ್ಲಿಯೇ ಕೇಳಬೇಕೆಂಬುದನ್ನು ಅಂದಿನಿಂದ ರೂಢಿಸಿಕೊಂಡಿದ್ದೇನೆ.

ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಇವುಗಳೊಂದಿಗೆ ರಕ್ತ ತೆಳುವಾಗಿಸುವ ಔಷಧ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಾಧ್ಯತೆ ಬಹಳವಾಗಿ ಏರುತ್ತದೆ. ಆದ್ದರಿಂದ ಮನೆಯಲ್ಲಿರುವ ಎಲ್ಲ ಮಾತ್ರೆ, ನಾಟಿ ಔಷಧ, ಕಷಾಯದ ಪುಡಿ, ಮುಲಾಮು ಸಹಿತ ಒಂದು ಚೀಲದಲ್ಲಿ ತುಂಬಿ ತಂದು ಮೇಜಿನ ಮೇಲೆ ಸುರಿಯುವುದೇ ಒಳ್ಳೆಯದು. ಹೆಸರು ನೆನಪಿಲ್ಲ ಎಂಬ ತೊಡಕೇ ಇರುವುದಿಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ಮಾತ್ರ ತಾವಾಗಿಯೇ ಅದನ್ನು ನಿಲ್ಲಿಸಬಾರದು, ವೈದ್ಯರ ಗಮನಕ್ಕೆ ತರಬೇಕು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಇವುಗಳ ಸ್ವಭಾವ ತದ್ವಿರುದ್ಧ. ಅವು ರಕ್ತ ತೆಳುವಾಗಿಸುವ ಮಾತ್ರೆಗಳ ಬಲವನ್ನು ಕುಗ್ಗಿಸಿ, ಮಾತ್ರೆ ನುಂಗುತ್ತಿದ್ದರೂ ಹೆಪ್ಪು ಬೆಳೆಯುವಂತೆ ಮಾಡಬಲ್ಲವು. ಟಿಬಿ ಮಾತ್ರೆಯ ವಿಷಯವನ್ನು ನಾಚಿಕೆಯಿಂದ ಬಚ್ಚಿಡುವವರು ಇದನ್ನು ತಿಳಿದಿರಬೇಕು.

ಉಳಿದಂತೆ ರಕ್ತಸ್ರಾವದ ಅಪಾಯ ಹೆಚ್ಚಿರುವವರು ಯಾರೆಂದರೆ, ಅರವತ್ತೈದು ದಾಟಿದವರು, ಎಪ್ಪತ್ತೈದು ದಾಟಿದವರು ಇನ್ನೂ ಹೆಚ್ಚಾಗಿ, ಹಿಂದೆ ಹೊಟ್ಟೆಹುಣ್ಣಿನಿಂದಲೋ ಮೂಲವ್ಯಾಧಿಯಿಂದಲೋ ರಕ್ತ ಹೋಗಿದ್ದವರು, ಮೆದುಳಿನಲ್ಲಿ ರಕ್ತಸ್ರಾವವಾಗಿದ್ದವರು, ಕಿಡ್ನಿ ಅಥವಾ ಲಿವರಿನ ತೊಂದರೆ ಇರುವವರು, ರಕ್ತಹೀನತೆ ಇರುವವರು, ದಿನವೂ ಕುಡಿಯುವವರು, ಎದ್ದು ನಡೆಯುವಾಗ ತೂರಾಡಿ ಬೀಳುವವರು. ಇವರಿಗೆ ಔಷಧ ಕೊಡಬಾರದು ಎಂದೇನಲ್ಲ, ಎಷ್ಟೋ ವೇಳೆ ಕೊಡಲೇಬೇಕಾಗುತ್ತದೆ. ಆದರೆ ಪ್ರಮಾಣ, ಔಷಧದ ಆಯ್ಕೆ, ರಕ್ತಪರೀಕ್ಷೆಯ ಅಂತರ ಬದಲಾಗುತ್ತವೆ. ಉದಾಹರಣೆಗೆ ಎನಾಕ್ಸಪರಿನ್ ಎಂಬ ಹೊಟ್ಟೆಯ ಚರ್ಮದ ಇಂಜೆಕ್ಷನ್ನಿನ ಪ್ರಮಾಣವನ್ನು ದೇಹದ ತೂಕದ ಮೇಲೆ, ಕಿಲೋಗೆ 1 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ಎಂದು ಲೆಕ್ಕಹಾಕುವುದು ಸಾಮಾನ್ಯ. ಕಿಡ್ನಿಯ ಶಕ್ತಿ ತೀರ ಕುಗ್ಗಿದ್ದರೆ ಅದನ್ನು ಇಳಿಸಬೇಕಾಗುತ್ತದೆ. ಮಲಗಿದ ರೋಗಿಯ ತೂಕವನ್ನು ಕಣ್ಣಂದಾಜಿನಲ್ಲಿ ಬರೆಯುವ ಚಾಳಿ ನಮ್ಮಲ್ಲಿದೆ. ಇತ್ತೀಚೆಗೆ ಎಲ್ಲಾದರೂ ತೂಕ ನೋಡಿಸಿದ್ದರೆ ಆ ಸಂಖ್ಯೆಯನ್ನು ಹೇಳಿ. ಈ ಇಂಜೆಕ್ಷನ್ ಕೊಟ್ಟ ಜಾಗವನ್ನು ಉಜ್ಜಬಾರದು. ಉಜ್ಜಿದರೆ ಅಂಗೈಯಗಲ ಕಪ್ಪುಗಟ್ಟುತ್ತದೆ. ಎನಾಕ್ಸಪರಿನ್ ಸೇರಿದ ಹೆಪಾರಿನ್ ಗುಂಪಿನ ಇಂಜೆಕ್ಷನ್ ಶುರುವಾಗಿ ಐದರಿಂದ ಹತ್ತು ದಿನಗಳ ನಡುವೆ ಕೆಲವರಲ್ಲಿ ಪ್ಲೇಟ್ಲೆಟ್ ಸಂಖ್ಯೆ ಏಕಾಏಕಿ ಅರ್ಧಕ್ಕೂ ಕೆಳಗೆ ಇಳಿದು, ರಕ್ತಸ್ರಾವದ ಬದಲು ಹೊಸ ಹೆಪ್ಪುಗಳೇ ಕಟ್ಟುವ ವಿಚಿತ್ರ ತೊಡಕು ಬರುವುದುಂಟು. ಪ್ಲೇಟ್ಲೆಟ್ ಪರೀಕ್ಷೆಗೆಂದು ಮತ್ತೆ ರಕ್ತ ತೆಗೆದಾಗ ಬೇಸರಿಸದಿರಲು ಇದಿಷ್ಟು ತಿಳಿದಿದ್ದರೆ ಸಾಕು.

ಟೇಪು ಮತ್ತು ಪೆನ್ನು

ಕಾಲಿನ ಊತ ಇಳಿಯುತ್ತಿದೆಯೋ ಏರುತ್ತಿದೆಯೋ ಎಂಬುದನ್ನು ಕಣ್ಣಿನಿಂದ ಹೇಳಲಾಗದು. ದರ್ಜಿಗಳು ಬಳಸುವ ಟೇಪು ಒಂದನ್ನು ತನ್ನಿ. ಮಂಡಿಚಿಪ್ಪಿನ ಕೆಳಗೆ, ಮೊಣಕಾಲಿನ ಮುಂಭಾಗದಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ ಹತ್ತು ಸೆಂಟಿಮೀಟರ್ ಕೆಳಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು, ಆ ಗೆರೆಯ ಮೇಲೆಯೇ ಮೀನಖಂಡದ ಸುತ್ತಳತೆಯನ್ನು ತೆಗೆಯಬೇಕು. ಎರಡೂ ಕಾಲನ್ನು ಅಳೆದು, ದಿನವೂ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಅಳೆದು ಬರೆಯಬೇಕು. ಸಂಜೆಯ ಅಳತೆಗೂ ಬೆಳಗಿನ ಅಳತೆಗೂ ಹೋಲಿಸಬಾರದು. ಟೇಪನ್ನು ಬಿಗಿಯಾಗಿ ಎಳೆಯದೆ ಚರ್ಮಕ್ಕೆ ತಾಗುವಷ್ಟೇ ಹಿಡಿಯಬೇಕು, ಮತ್ತು ಮೈ ಒರೆಸಿದ ಮೇಲೆ ಗೆರೆ ಅಳಿಸಿಹೋಗಿದ್ದರೆ ಹೊಸದನ್ನು ಅದೇ ಜಾಗದಲ್ಲಿ ಎಳೆಯಬೇಕು. ಎರಡು ಕಾಲುಗಳ ನಡುವೆ ಮೂರು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿರುವುದು ಡಿವಿಟಿಯನ್ನು ಅಂದಾಜಿಸಲು ವೈದ್ಯರು ಬಳಸುವ ವೆಲ್ಸ್ ಅಂಕಪಟ್ಟಿಯಲ್ಲಿ ಒಂದು ಅಂಕ. ಬೇರೆ ಕಾಯಿಲೆಗೆಂದು ಸೇರಿದವರ ಜೊತೆಗಿರುವವರಿಗೂ ಈ ಅಳತೆ ಉಪಯುಕ್ತ. ಡಿ-ಡೈಮರ್ ಎಂಬ ರಕ್ತಪರೀಕ್ಷೆ ಹೊರಗಿನಿಂದ ಬಂದವರಲ್ಲಿ ಹೆಪ್ಪು ಇಲ್ಲವೆಂದು ಹೇಳಲು ನೆರವಾದರೂ, ಸೋಂಕು, ಆಪರೇಷನ್, ಗರ್ಭ ಯಾವುದಿದ್ದರೂ ಅದು ಏರಿಯೇ ಇರುವುದರಿಂದ ಒಳರೋಗಿಗಳಲ್ಲಿ ಅದರಿಂದ ದೊರೆಯುವ ನೆರವು ಕಡಿಮೆ.

ಅಳತೆಯ ಜೊತೆಗೆ ಬಣ್ಣವನ್ನೂ ನೋಡಬೇಕು. ಕಾಲು ತೊಡೆಯವರೆಗೆ ಬಿರಿಯುವಂತೆ ಊದಿ, ನೀಲಿಗಟ್ಟಿ, ಮುಟ್ಟಲಾಗದಷ್ಟು ನೋವಾದರೆ ಅದು ಬೆಳಗಿನ ರೌಂಡ್ಸಿನವರೆಗೆ ಕಾಯುವ ಸಂಗತಿಯಲ್ಲ. ರಕ್ತ ಹೊರಹೋಗುವ ದಾರಿ ಸಂಪೂರ್ಣ ಮುಚ್ಚಿಕೊಂಡು ಒಳಬರುವ ರಕ್ತವೂ ನಿಲ್ಲತೊಡಗಿರುವ ಲಕ್ಷಣ ಅದು, ಕಾಲನ್ನೇ ಕಳೆದುಕೊಳ್ಳುವ ಸಂದರ್ಭ. ಅಪರೂಪದ್ದು, ಕ್ಯಾನ್ಸರ್ ರೋಗಿಗಳಲ್ಲಿ ಹೆಚ್ಚು.

ಉಸಿರು

ಹೆಪ್ಪಿನ ತುಣುಕು ಶ್ವಾಸಕೋಶಕ್ಕೆ ಹೋಗುವುದೇ ಎಲ್ಲಕ್ಕಿಂತ ದೊಡ್ಡ ತೊಡಕು. ಅದು ಬರುವುದು ಹಠಾತ್ತಾಗಿ: ಕುಳಿತಿದ್ದವರಿಗೆ ಏದುಸಿರು, ಉಸಿರು ಎಳೆದಾಗ ಪಕ್ಕೆಯಲ್ಲಿ ಚುಚ್ಚುವ ನೋವು, ಕೆಮ್ಮಿನಲ್ಲಿ ರಕ್ತದ ಎಳೆ, ಕಾರಣವಿಲ್ಲದೆ ಎದೆಬಡಿತ, ಶೌಚಕ್ಕೆಂದು ಎದ್ದಾಗ ಕಣ್ಣು ಕತ್ತಲಿಟ್ಟು ಬೀಳುವುದು. ‘ಗ್ಯಾಸ್ ಇರಬೇಕು’ ಎಂದು ಸೋಡಾ ಕುಡಿಸಿ ಕಾಯುವುದು ಇಲ್ಲಿ ಸಲ್ಲದು. ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಎಷ್ಟೋ ಮನೆಗಳ ಕಪಾಟಿನಲ್ಲಿ ಈಗಲೂ ಇದೆ; ಅದನ್ನು ತಂದು ಬಳಿಯಲ್ಲಿಟ್ಟುಕೊಳ್ಳಿ. ನಾಡಿಬಡಿತ ನಿಮಿಷಕ್ಕೆ 110 ದಾಟಿದರೆ, ಆಮ್ಲಜನಕ 90ಕ್ಕಿಂತ ಕೆಳಗಿಳಿದರೆ, ರಕ್ತದೊತ್ತಡದ ಮೇಲಿನ ಸಂಖ್ಯೆ 100ಕ್ಕಿಂತ ಕಡಿಮೆಯಾದರೆ ಅಪಾಯದ ಮಟ್ಟ ಏರಿದೆ ಎಂದು ವೈದ್ಯರೂ ಲೆಕ್ಕ ಹಾಕುತ್ತಾರೆ. ಮೊದಲೇ ಹೃದಯದ ದೌರ್ಬಲ್ಯವೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯೋ ಇದ್ದವರು, ಕ್ಯಾನ್ಸರ್ ಇದ್ದವರು, ಎಂಬತ್ತು ದಾಟಿದವರು ಈ ಪೆಟ್ಟನ್ನು ತಾಳಿಕೊಳ್ಳುವುದು ಕಷ್ಟ. ವರ್ಷಗಟ್ಟಲೆ ಸೌದೆಯ ಒಲೆಯ ಹೊಗೆ ಕುಡಿದು ದಮ್ಮು ಅಂಟಿಸಿಕೊಂಡಿರುವ ಹೆಂಗಸರನ್ನೂ ಈ ಸಾಲಿಗೆ ಸೇರಿಸಬೇಕು. ‘ಇವರಿಗೆ ಯಾವಾಗಲೂ ದಮ್ಮು ಇದ್ದದ್ದೇ’ ಎಂದು ಮನೆಯವರು ಹೇಳುವ ಆ ಮಾತೇ ಹೊಸ ದಮ್ಮನ್ನು ಮರೆಮಾಚುತ್ತದೆ. ನಿನ್ನೆಯ ದಮ್ಮಿಗೂ ಇಂದಿನದಕ್ಕೂ ಇರುವ ವ್ಯತ್ಯಾಸವನ್ನು ಹೇಳಿ.

ಇಂಥ ಸಂದರ್ಭದಲ್ಲಿ ಎಪ್ಪತ್ತು ಕಿಲೋಮೀಟರ್ ಆಚೆಯ ಬೆಂಗಳೂರಿಗೆ ಸಾಗಿಸುವ ಮಾತು ಬರಬಹುದು. ಸಾಗಿಸುವುದಾದರೆ ಬಾಡಿಗೆ ಕಾರಿನಲ್ಲಲ್ಲ, ಆಮ್ಲಜನಕವಿರುವ ಆಂಬುಲೆನ್ಸಿನಲ್ಲಿ. ಹೊರಡುವ ಮುನ್ನ ಮೊದಲ ಇಂಜೆಕ್ಷನ್ ಕೊಡಬಹುದೇ ಎಂದು ಕೇಳಿ. ಬಲವಾದ ಸಂಶಯವಿದ್ದು, ಸ್ಕ್ಯಾನಿಗೆ ತಡವಾಗುವಂತಿದ್ದರೆ, ರಕ್ತಸ್ರಾವದ ಭಯವಿಲ್ಲದವರಿಗೆ ಚಿಕಿತ್ಸೆಯನ್ನು ಮೊದಲೇ ಆರಂಭಿಸುವುದು ಒಪ್ಪಿತವಾದ ಕ್ರಮ. ಕೊಟ್ಟಿದ್ದರೆ ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ ಎಂಬುದನ್ನು ರೆಫರ್ ಚೀಟಿಯಲ್ಲಿ ಬರೆಸಿಕೊಳ್ಳದೆ ಹೊರಡಬೇಡಿ. ಆ ಗಂಟೆ ಗೊತ್ತಿಲ್ಲದೆ ಮುಂದಿನ ಆಸ್ಪತ್ರೆಯವರು ಇನ್ನೊಂದು ಇಂಜೆಕ್ಷನ್ ಕೊಡಲೂ ಹಿಂಜರಿಯುತ್ತಾರೆ, ಹೆಪ್ಪು ಕರಗಿಸುವ ಔಷಧ ಕೊಡಲೂ ಹಿಂಜರಿಯುತ್ತಾರೆ.

ನಡೆಸಬಹುದೇ ಎಂಬ ಪ್ರಶ್ನೆಗೆ ಈಗ ಉತ್ತರ ಬದಲಾಗಿದೆ. ಕಾಲನ್ನು ಅಲುಗಿಸಿದರೆ ಹೆಪ್ಪು ಕಿತ್ತು ಹೋಗುತ್ತದೆಂದು ಹಿಂದೆ ವಾರಗಟ್ಟಲೆ ಮಲಗಿಸುತ್ತಿದ್ದರು. ಔಷಧ ಆರಂಭವಾಗಿ, ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ಬೇಗನೆ ಎದ್ದು ನಡೆಯುವುದರಿಂದ ಆ ಅಪಾಯ ಹೆಚ್ಚುವುದಿಲ್ಲ. ನೋವೂ ಊತವೂ ಬೇಗ ಇಳಿಯುತ್ತವೆ. ವೈದ್ಯರು ನಡೆಯಲು ಹೇಳಿದ ಮೇಲೂ ಬೆಡ್‌ಪ್ಯಾನ್ ಹಿಡಿದು ನಿಲ್ಲುವ ಮಕ್ಕಳ ಪ್ರೀತಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಡೆಯುವುದು ಬೇರೆ, ನೀವುವುದು ಬೇರೆ.

ಬಾಣಂತಿಯರ ವಿಷಯ

ಹೆರಿಗೆಯಾದ ಮೊದಲ ಆರು ವಾರ ರಕ್ತ ಹೆಪ್ಪುಗಟ್ಟುವ ಅಪಾಯ ಗರ್ಭಿಣಿಯಾಗಿದ್ದಾಗಿನದಕ್ಕಿಂತಲೂ ಹೆಚ್ಚು, ಸಿಸೇರಿಯನ್ ಆಗಿದ್ದರೆ ಇನ್ನಷ್ಟು. ಆ ಆರು ವಾರಗಳಲ್ಲೇ ನಮ್ಮ ಬಾಣಂತನದ ಕಟ್ಟುಪಾಡು ಆಕೆಯನ್ನು ಕತ್ತಲ ಕೋಣೆಯಲ್ಲಿ ಮಲಗಿಸಿ, ಕುಡಿಯುವ ನೀರನ್ನು ಅಳೆದು ಕೊಡುತ್ತದೆ; ನೀರು ಹೆಚ್ಚಾದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬ ನಂಬಿಕೆ. ಬಾಣಂತನದ ಬೆಚ್ಚನೆಯ ಆರೈಕೆಯ ಬಗ್ಗೆ ನನಗೆ ತಕರಾರಿಲ್ಲ, ನಾನೂ ಮಾಡಿಸಿಕೊಂಡವಳೇ. ನೀರಿಗೆ ತಡೆ ಹಾಕುವುದನ್ನೂ, ದಿನವಿಡೀ ಮಲಗಿಸುವುದನ್ನೂ ಮಾತ್ರ ಬಿಡಬೇಕು. ಒಂದು ಕಾಲು ಭಾರವಾಗಿದೆ ಎಂದು ಬಾಣಂತಿ ಹೇಳಿದರೆ, ಅದರಲ್ಲೂ ಎಡಗಾಲಾದರೆ, ಎಣ್ಣೆಸ್ನಾನದ ಅಜ್ಜಿಯನ್ನು ಕರೆಸುವ ಬದಲು ಆಸ್ಪತ್ರೆಗೆ ಕರೆತನ್ನಿ. ಮಗುವಿಗೆ ಹಾಲುಣಿಸುವ ತಾಯಿಗೆ ಹೆಪಾರಿನ್ ಗುಂಪಿನ ಇಂಜೆಕ್ಷನ್ ಮತ್ತು ವಾರ್ಫರಿನ್ ಕೊಡಬಹುದು. ಹೊಸ ಮಾತ್ರೆಗಳನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಗರ್ಭಿಣಿಗೆ ವಾರ್ಫರಿನ್ ಶಿಶುವಿನ ಅಂಗವಿಕಲತೆಗೆ ಕಾರಣವಾಗಬಲ್ಲದು, ಆದ್ದರಿಂದ ಮುಟ್ಟು ತಪ್ಪಿದ್ದರೆ ಔಷಧ ಬರೆಯುವ ಮೊದಲೇ ಹೇಳಬೇಕು.

ಮನೆಗೆ ಹೊರಡುವ ದಿನ

ಊತ ಇಳಿದ ಕೂಡಲೇ ಕಾಯಿಲೆ ಹೋಯಿತೆಂದು ಭಾವಿಸುವುದರಿಂದಲೇ ಮರುಕಳಿಸುವಿಕೆ ಶುರುವಾಗುತ್ತದೆ. ಚಿಕಿತ್ಸೆ ಕನಿಷ್ಠ ಮೂರು ತಿಂಗಳು. ಆಪರೇಷನ್ನಿನಂಥ ತಾತ್ಕಾಲಿಕ ಕಾರಣದಿಂದ ಆದ ಹೆಪ್ಪು ಮತ್ತೆ ಬರುವ ಸಾಧ್ಯತೆ ಕಡಿಮೆ. ಯಾವ ಕಾರಣವೂ ಕಾಣದೆ ಆದವರಲ್ಲಿ ಔಷಧ ನಿಲ್ಲಿಸಿದ ಮೊದಲ ವರ್ಷದಲ್ಲೇ ನೂರಕ್ಕೆ ಸುಮಾರು ಹತ್ತು ಮಂದಿಗೆ ಮರುಕಳಿಸುತ್ತದೆ. ಕಾರಣ ಸಿಕ್ಕಿತೇ ಇಲ್ಲವೇ ಎಂದು ಡಿಸ್ಚಾರ್ಜಿನ ದಿನ ಕೇಳುವುದು ಈ ಲೆಕ್ಕಕ್ಕಾಗಿ. ಹೊಸ ಮಾತ್ರೆಗಳಲ್ಲೊಂದಾದ ರಿವರಾಕ್ಸಬಾನ್ ಬರೆದಿದ್ದರೆ ಮೊದಲ 21 ದಿನ ದಿನಕ್ಕೆರಡು ಬಾರಿ, ಆಮೇಲೆ ದಿನಕ್ಕೊಮ್ಮೆ ಬೇರೆ ಶಕ್ತಿಯ ಮಾತ್ರೆ ಎಂಬುದು ಸಾಮಾನ್ಯ ಕ್ರಮ. ಬದಲಾಗುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅದನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಸರಿಯಾಗಿ ಹೀರಿಕೆಯಾಗುವುದಿಲ್ಲ, ಊಟದೊಂದಿಗೇ ತೆಗೆದುಕೊಳ್ಳಬೇಕು.

ವಾರ್ಫರಿನ್ ಆದರೆ, ರಕ್ತ ಹೆಪ್ಪುಗಟ್ಟುವುದು ಎಷ್ಟು ನಿಧಾನವಾಗಿದೆ ಎಂದು ಹೇಳುವ ಐಎನ್‌ಆರ್ ಎಂಬ ರಕ್ತಪರೀಕ್ಷೆ 2 ಮತ್ತು 3ರ ನಡುವೆ ಇರುವಂತೆ ನೋಡಿಕೊಳ್ಳಬೇಕು. ಕೋಲಾರದ ಊಟದಲ್ಲಿ ಇದಕ್ಕೊಂದು ಗಂಟಿದೆ. ಮುದ್ದೆಯ ಜೊತೆಗೆ ಮಸ್ಸೊಪ್ಪು, ಬಸ್ಸಾರು ಎಂದು ಸೊಪ್ಪನ್ನು ಧಾರಾಳವಾಗಿ ತಿನ್ನುವವರು ನಾವು, ಮತ್ತು ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಕೆಲಸಕ್ಕೆ ಅಡ್ಡಬರುತ್ತದೆ. ಸೊಪ್ಪನ್ನು ಪೂರ್ತಿ ಬಿಡಿ ಎಂದು ಹೇಳುವುದು ತಪ್ಪು; ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿ ಎನ್ನುವುದೇ ಸರಿ. ಮಳೆಗಾಲದಲ್ಲಿ ಹೊಲದ ಬೆರಕೆಸೊಪ್ಪು ಬಂದಾಗ ಒಮ್ಮೆಲೇ ದಿನವೂ ತಿಂದು, ಬೇಸಗೆಯಲ್ಲಿ ಪೂರ್ತಿ ನಿಲ್ಲಿಸಿದರೆ ಐಎನ್‌ಆರ್ ಏರಿಳಿಯುತ್ತದೆ.

ಈ ಔಷಧದಲ್ಲಿರುವಾಗ ಜ್ವರಕ್ಕೋ ಮೈಕೈ ನೋವಿಗೋ ಹಳ್ಳಿಯ ಕ್ಲಿನಿಕ್ಕಿಗೆ ಹೋಗಿ ಪೃಷ್ಠಕ್ಕೆ ಸೂಜಿ ಹಾಕಿಸಿಕೊಳ್ಳಬಾರದು. ಮಾಂಸಖಂಡದೊಳಗೆ ರಕ್ತ ಇಳಿದು ದೊಡ್ಡ ಗಡ್ಡೆಯಾಗುತ್ತದೆ. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ತಿಳಿಸಬೇಕು. ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಬೇಕು.

ತೊಡೆಯವರೆಗೆ ಹೆಪ್ಪಿದ್ದವರಿಗೆ, ಅದೇ ಕಾಲಿನಲ್ಲಿ ಎರಡನೆಯ ಬಾರಿ ಆದವರಿಗೆ, ತೂಕ ಹೆಚ್ಚಿರುವವರಿಗೆ, ಔಷಧವನ್ನು ಸರಿಯಾಗಿ ತೆಗೆದುಕೊಳ್ಳದವರಿಗೆ ಒಂದೆರಡು ವರ್ಷಗಳೊಳಗೆ ಆ ಕಾಲು ಸಂಜೆಯ ಹೊತ್ತಿಗೆ ಕಲ್ಲಿನಂತೆ ಭಾರವಾಗುವುದು, ಕಣಕಾಲಿನ ಒಳಬದಿಯ ಚರ್ಮ ಕಪ್ಪಾಗುವುದು, ಕೊನೆಗೆ ಮಾಯದ ಹುಣ್ಣಾಗುವುದು ಕಾಣಿಸಬಹುದು. ನಾಳದೊಳಗಿನ ಕವಾಟಗಳು ಹಾಳಾಗಿ ರಕ್ತ ಕೆಳಗೇ ನಿಲ್ಲುವುದರ ಫಲ ಇದು. ಇದನ್ನು ತಡೆಯಲೆಂದು ಎಲ್ಲರಿಗೂ ಬಿಗಿ ಕಾಲುಚೀಲ ಕೊಡುವ ರೂಢಿಯಿತ್ತು. 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಅದರಿಂದ ತಡೆಯಾಗುವುದು ಕಂಡುಬರಲಿಲ್ಲ. ನೋವು, ಊತಕ್ಕೆ ಹಿತವೆನಿಸಿದವರು ವೈದ್ಯರನ್ನು ಕೇಳಿ ಹಾಕಿಕೊಳ್ಳಲಿ. ಸಕ್ಕರೆ ಕಾಯಿಲೆಯಿಂದ ಕಾಲಿನ ರಕ್ತಸಂಚಾರ ಕುಗ್ಗಿರುವವರಿಗೆ ಅದೇ ಹಾನಿ ಮಾಡಬಹುದು.

ಬಿಲ್ ಕಟ್ಟಿ ಚೀಲ ತುಂಬುವ ಹೊತ್ತಿಗೆ ಇನ್ನೊಂದು ಕೆಲಸ ಉಳಿದಿರುತ್ತದೆ. ಸೇರಿದ ದಿನ ತಂದು ಮೇಜಿನ ಮೇಲೆ ಸುರಿದ ಆ ಹಳೆಯ ಮಾತ್ರೆಗಳಲ್ಲಿ ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು ಎಂದು ಒಂದೊಂದನ್ನೇ ಕೈಯಲ್ಲಿ ಹಿಡಿದು ಕೇಳಿ, ಬಿಡಬೇಕಾದುದನ್ನು ವಾರ್ಡಿನಲ್ಲಿಯೇ ಕೊಟ್ಟು ಹೋಗಿ. ಅಜ್ಜಿಯಂದಿರಾದರೆ ಸೆರಗಿನ ಗಂಟನ್ನೂ ಒಮ್ಮೆ ನೋಡಿ.